ಕಬ್ಬಿನ ಗದ್ದೆಗೂ ಕಾಡಂಚಿಗೂ ಯಾವ ಟ್ರೇಲ್ ಕ್ಯಾಮೆರಾ?

ಮಂಡ್ಯ ಕಡೆ ಕಬ್ಬು ಕಟಾವು ಶುರುವಾಯಿತು ಅಂದರೆ ಪೇಪರ್‌ನಲ್ಲಿ ಚಿರತೆ ಮರಿ ಸಿಕ್ಕ ಸುದ್ದಿಯೂ ಶುರುವಾಗುತ್ತದೆ. ಪಾಂಡವಪುರ, ನಾಗಮಂಗಲ, ಮಳವಳ್ಳಿ, ಆ ಕಡೆ ಟಿ. ನರಸೀಪುರ, ಎಚ್.ಡಿ. ಕೋಟೆ, ಎಲ್ಲ ಕಡೆಯೂ ಇದೇ ಕಥೆ. ಸುದ್ದಿ ಓದಿದ ಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ನಮ್ಮ ತೋಟಕ್ಕೂ ಒಂದು ಕ್ಯಾಮೆರಾ ಕಟ್ಟೋಣ ಅಂತಿದೀನಿ, ಯಾವ್ದು ತಗೊಳ್ಲಿ?" ಮೊಬೈಲ್‌ನಲ್ಲಿ ಹುಡುಕಿದರೆ ಟ್ರೇಲ್ ಕ್ಯಾಮೆರಾ, ಅಂದರೆ ಪ್ರಾಣಿ ಎದುರಿಗೆ ಬಂದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ, ನೂರೆಂಟು ಮಾಡೆಲ್. ಒಂದರ ಮೇಲೆ 36 ಮೆಗಾಪಿಕ್ಸೆಲ್, ಇನ್ನೊಂದರ ಮೇಲೆ 48. ಬೆಲೆ ಐದು ಸಾವಿರದಿಂದ ಐವತ್ತು ಸಾವಿರದ ಆಚೆಯವರೆಗೆ.

ನನ್ನ ಮಾತು ಇಷ್ಟೇ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದನ್ನು ಬಿಟ್ಟುಬಿಡಿ. ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ. ಎಷ್ಟು ಬೇಗ ಕ್ಲಿಕ್ ಆಗುತ್ತದೆ, ರಾತ್ರಿಯ ಬೆಳಕು ಯಾವ ಬಗೆಯದು, ಎಂಥ ಸೆಲ್ ಬೇಕು, ಬಾಗಿಲಿನ ರಬ್ಬರ್ ಎಷ್ಟು ಗಟ್ಟಿ. ಮೂರು ತಿಂಗಳು ಮರದಲ್ಲಿ ಕಟ್ಟಿಟ್ಟರೂ ಕೆಲಸ ಮಾಡುವ ಕ್ಯಾಮೆರಾ ಯಾವುದು ಅನ್ನುವುದು ಇವುಗಳಿಂದಲೇ ಗೊತ್ತಾಗುತ್ತದೆ.

ಮೊದಲು ಜಾಗ ಯಾವುದು ಹೇಳಿ

ನಿಮ್ಮ ಸ್ವಂತ ಜಮೀನು, ತೋಟ, ದನದ ಕೊಟ್ಟಿಗೆ ಆದರೆ ತೊಂದರೆ ಇಲ್ಲ. ಕಾಡೊಳಗೆ ಕಟ್ಟುವುದು ಬೇರೆ ವಿಷಯ. ನಾಗರಹೊಳೆ, ಬಂಡೀಪುರ ಹಾಗಿರಲಿ, ಮೇಲುಕೋಟೆ, ಅರಬಿತಿಟ್ಟು, ರಂಗನತಿಟ್ಟು, ಚಾಮುಂಡಿ ಬೆಟ್ಟ, ಎಲ್ಲೇ ಆದರೂ ಅರಣ್ಯ ಇಲಾಖೆಯ ಅನುಮತಿ ಬೇಕು. "ಯಾರಿಗೆ ಗೊತ್ತಾಗುತ್ತೆ" ಅಂತ ಕಟ್ಟಿದರೆ ಕ್ಯಾಮೆರಾ ಹೋಗುವುದರ ಜೊತೆಗೆ ಕೇಸೂ ಬೀಳಬಹುದು. ಹಾಗಾಗಿ ಇಲ್ಲಿ ಹೇಳುವುದೆಲ್ಲ ನಮ್ಮ ಗದ್ದೆ, ತೋಟ, ಕಾಡಂಚಿನ ಜಮೀನಿನ ಲೆಕ್ಕದಲ್ಲಿ.

ಇನ್ನೊಂದು. ಜನ ಓಡಾಡುವ ದಾರಿಗೆ, ಹೆಣ್ಣುಮಕ್ಕಳು ಸೌದೆಗೋ ಹುಲ್ಲಿಗೋ ಹೋಗುವ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಉತ್ತರಾಖಂಡದ ಕಾರ್ಬೆಟ್ ಸುತ್ತಮುತ್ತ ಇಂಥ ಕ್ಯಾಮೆರಾಗಳಿಂದ ಹಳ್ಳಿಯ ಹೆಂಗಸರಿಗೆ ಎಷ್ಟು ಕಿರಿಕಿರಿಯಾಗಿದೆ ಅನ್ನುವ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಊರಿನವರಿಗೆ ಮೊದಲೇ ಹೇಳಿ ಕಟ್ಟಿದರೆ ಕ್ಯಾಮೆರಾ ಕಳುವಾಗುವುದೂ ಕಡಿಮೆ.

ಸೆನ್ಸರ್: ನಮ್ಮ ಬಿಸಿಲಿಗೆ ತಡೆಯುತ್ತದಾ?

ಟ್ರೇಲ್ ಕ್ಯಾಮೆರಾ ಸದಾ ನೋಡುತ್ತಾ ಕೂತಿರುವುದಿಲ್ಲ. ಮಲಗಿರುತ್ತದೆ. ಮುಂದುಗಡೆ ಇರುವ ಪಿಐಆರ್ ಸೆನ್ಸರ್ ಒಂದೇ ಎಚ್ಚರ. ಸುತ್ತಲಿನ ಜಾಗಕ್ಕಿಂತ ಬೇರೆ ಬಿಸಿಯ ವಸ್ತುವೊಂದು ಎದುರಿಗೆ ಅಲ್ಲಾಡಿದರೆ ಅದು ಕ್ಯಾಮೆರಾವನ್ನು ಎಬ್ಬಿಸುತ್ತದೆ. ಅಂದರೆ ಎರಡು ವಿಷಯ ಬೇಕು. ಬಿಸಿಯಲ್ಲಿ ವ್ಯತ್ಯಾಸ, ಮತ್ತೆ ಚಲನೆ.

ಡಿಸೆಂಬರ್ ರಾತ್ರಿ ಇದು ಚೆನ್ನಾಗಿ ನಡೆಯುತ್ತದೆ. ಏಪ್ರಿಲ್ ಮಧ್ಯಾಹ್ನಕ್ಕೆ ಬನ್ನಿ. ಗಾಳಿಯೇ 36, 37 ಡಿಗ್ರಿ ಇರುತ್ತದೆ. ನೆಲ ಇನ್ನೂ ಕಾದಿರುತ್ತದೆ. ಪ್ರಾಣಿಯ ಮೈಬಿಸಿಗೂ ಹಿಂದಿನ ಮಣ್ಣಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ನರಿ ಎದುರಿಗೇ ಹೋದರೂ ಕ್ಯಾಮೆರಾ ಮಲಗಿರುತ್ತದೆ. ಅದೇ ಹೊತ್ತಿಗೆ ಬಿಸಿಲಿಗೆ ಕಾದ ಕಬ್ಬಿನ ಗರಿಯೊಂದು ಗಾಳಿಗೆ ತೂಗಿದರೆ ಪಟಪಟ ಫೋಟೋ ತೆಗೆಯುತ್ತದೆ. ಬೇಕಾದದ್ದು ಸಿಗಲಿಲ್ಲ, ಬೇಡದ್ದು ಸಾವಿರ ಬಂತು. ಬೇಸಿಗೆಯಲ್ಲಿ ಕಾರ್ಡ್ ತೆಗೆದು ನೋಡಿದವರಿಗೆಲ್ಲ ಈ ಅನುಭವ ಆಗಿರುತ್ತದೆ.

ಬೇಕಾದ ಪ್ರಾಣಿ ಸಿಗಲಿಲ್ಲ ಅಂತ ಬೇಜಾರು ಬೇಡ, ದೊಡ್ಡವರಿಗೂ ಅದೇ ಪಾಡು. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟಿದ್ದರು. ಗಿನ್ನೆಸ್ ದಾಖಲೆಗೂ ಸೇರಿತು ಅದು. ಬಂದ ಫೋಟೋ ಸುಮಾರು 3.48 ಕೋಟಿ. ಅದರಲ್ಲಿ ಹುಲಿ ಇದ್ದದ್ದು 76,651, ಚಿರತೆ 51,777. ಅಂದರೆ ಸಾವಿರ ಫೋಟೋಗೆ ಎರಡು ಚಿಲ್ಲರೆ ಹುಲಿ ಫೋಟೋ!

ಆದರೂ ಸೆನ್ಸರ್‌ನಿಂದ ಸೆನ್ಸರ್‌ಗೆ ವ್ಯತ್ಯಾಸ ಇದೆ. ಒಳ್ಳೆಯ ಕ್ಯಾಮೆರಾಗಳು ವಾತಾವರಣದ ಬಿಸಿ ಅಳೆದು ಸೆನ್ಸರಿನ ಸೂಕ್ಷ್ಮತೆಯನ್ನು ತಾವೇ ಏರಿಸಿ ಇಳಿಸಿಕೊಳ್ಳುತ್ತವೆ. ಅಗ್ಗದವುಗಳಲ್ಲಿ ಲೋ, ಮೀಡಿಯಂ, ಹೈ ಅಂತ ಮೂರೇ ಇರುತ್ತದೆ. ಮಾರ್ಚ್ ಬಂದಾಗ ನೀವೇ ಹೈಗೆ ಹಾಕಬೇಕು, ಮಳೆ ಹಿಡಿದ ಮೇಲೆ ಇಳಿಸಬೇಕು. ಈ ಆಯ್ಕೆಯೇ ಇಲ್ಲದ ಮಾಡೆಲ್ ನಮ್ಮ ಕಡೆಗೆ ಬೇಡ.

ಶ್ರೀರಂಗಪಟ್ಟಣದ ಹೊಳೆ ದಂಡೆಯಲ್ಲಿ ಜಮೀನಿರುವವರಿಗೆ ಒಂದು ಮಾತು ಜಾಸ್ತಿ. ಮೊಸಳೆ ತಣ್ಣನೆ ರಕ್ತದ ಪ್ರಾಣಿ. ಸೆನ್ಸರ್‌ಗೆ ಅದು ಕಾಣುವುದೇ ಕಷ್ಟ. ನೀರುನಾಯಿ ಬಿಸಿ ರಕ್ತದ್ದೇ, ಆದರೆ ಅದರ ದಟ್ಟ ಕೂದಲು ಮೈಬಿಸಿಯನ್ನು ಹೊರಗೆ ಬಿಡುವುದಿಲ್ಲ. ಒದ್ದೆ ಮೈಯಲ್ಲಿ ಆಗಷ್ಟೇ ನೀರಿಂದ ಎದ್ದು ಬಂದಿದ್ದರೆ ಎಷ್ಟೋ ಸಲ ಸೆನ್ಸರ್‌ಗೆ ಗೊತ್ತೇ ಆಗುವುದಿಲ್ಲ. ಇಂಥ ಕಡೆ ಟೈಮ್‌ಲ್ಯಾಪ್ಸ್ ಇರುವ ಕ್ಯಾಮೆರಾ ತಗೊಳ್ಳಿ. ನಿಮಿಷಕ್ಕೊಂದೋ ಐದು ನಿಮಿಷಕ್ಕೊಂದೋ ಅದರ ಪಾಡಿಗೆ ಅದು ಫೋಟೋ ತೆಗೆಯುತ್ತಿರುತ್ತದೆ. ಸೆನ್ಸರ್ ಮತ್ತು ಟೈಮ್‌ಲ್ಯಾಪ್ಸ್ ಎರಡೂ ಒಟ್ಟಿಗೆ ನಡೆಯುವ ಮಾಡೆಲ್ ಸಿಕ್ಕರೆ ಅದೇ ಉತ್ತಮ.

ಕ್ಲಿಕ್ ಎಷ್ಟು ಬೇಗ?

ಗದ್ದೆ ಬದುವಿನ ಮೇಲೆ, ಮೂರು ಮೀಟರ್ ದೂರಕ್ಕೆ ಗುರಿಯಿಟ್ಟು ಕ್ಯಾಮೆರಾ ಕಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಮಾಮೂಲಿ ಲೆನ್ಸ್‌ಗೆ ಅಷ್ಟು ದೂರದಲ್ಲಿ ಕಾಣುವ ಅಗಲ ಸುಮಾರು ಎರಡೂವರೆ ಮೀಟರ್. ಚಿರತೆ ಆರಾಮಾಗಿ ನಡೆದು ಹೋದರೂ ಎರಡು ಎರಡೂವರೆ ಸೆಕೆಂಡ್‌ನಲ್ಲಿ ದಾಟಿಬಿಡುತ್ತದೆ. ಕಾಡುಹಂದಿ ಓಡಿತು ಅಂದರೆ ಒಂದು ಸೆಕೆಂಡೂ ಇಲ್ಲ. ಸೆನ್ಸರ್ ಎಚ್ಚರಾಗಿ ಫೋಟೋ ಆಗುವುದಕ್ಕೆ ಒಂದು ಸೆಕೆಂಡ್ ಹಿಡಿಯುವ ಕ್ಯಾಮೆರಾದಲ್ಲಿ ಏನು ಸಿಗುತ್ತದೆ? ಮೊದಲ ಫೋಟೋದಲ್ಲಿ ಚಿರತೆಯ ಸೊಂಟ ಮತ್ತು ಬಾಲ. ಎರಡನೆಯದರಲ್ಲಿ ಬಾಲದ ತುದಿ. ಮೂರನೆಯದರಲ್ಲಿ ಬರೀ ಬದು, ಪಕ್ಕದಲ್ಲಿ ಇನ್ನೂ ಅಲ್ಲಾಡುತ್ತಿರುವ ಕಬ್ಬಿನ ಸೋಗೆ. ಹಂದಿಯಾಗಿದ್ದರೆ ಅಲ್ಲಾಡುವ ಸೋಗೆ ಮಾತ್ರ.

ಅರ್ಧ ಸೆಕೆಂಡಿಗಿಂತ ಕಡಿಮೆ ಇರಲಿ. 0.2, 0.3 ಇದ್ದರೆ ಇನ್ನೂ ಒಳ್ಳೆಯದು. ಇದರ ಜೊತೆ ಇನ್ನೊಂದು ಅಂಕಿ ನೋಡಿ: ಒಂದು ಫೋಟೋ ಆದ ಮೇಲೆ ಮತ್ತೆ ರೆಡಿಯಾಗಲು ಎಷ್ಟು ಹೊತ್ತು. ಮೊದಲ ಕ್ಲಿಕ್ ಬೇಗ ಆಗಿ, ಆಮೇಲೆ ಅರ್ಧ ನಿಮಿಷ ಸುಮ್ಮನಾಗುವ ಕ್ಯಾಮೆರಾಗಳಿವೆ. ತಾಯಿ ಮುಂದೆ ಹೋಗಿ ಹಿಂದೆ ಮರಿಗಳು ಬಂದರೆ ತಾಯಿ ಮಾತ್ರ ಸಿಗುತ್ತದೆ. ಜಾಹೀರಾತಿನಲ್ಲಿ ಈ ಎರಡನೇ ಅಂಕಿ ಬಹಳ ಸಲ ಇರುವುದೇ ಇಲ್ಲ. ಇಲ್ಲ ಅಂದರೆ ಅನುಮಾನ ಪಡಿ.

ಕಟ್ಟುವ ರೀತಿಯಿಂದಲೂ ಸ್ವಲ್ಪ ಸಮಯ ಉಳಿಸಬಹುದು. ದಾರಿಗೆ ನೇರ ಅಡ್ಡಕ್ಕೆ ಬೇಡ, ಸ್ವಲ್ಪ ಓರೆಯಾಗಿ ಕಟ್ಟಿ. ಪ್ರಾಣಿ ಹೆಚ್ಚು ಹೊತ್ತು ಕಣ್ಣಳತೆಯಲ್ಲಿ ಇರುತ್ತದೆ. ಹಾಗಂತ ಪೂರ್ತಿ ದಾರಿಗೇ ಮುಖ ಮಾಡಬೇಡಿ. ನೇರ ಎದುರಿಗೆ ಬರುವುದಕ್ಕಿಂತ ಅಡ್ಡ ಹಾಯುವುದು ಸೆನ್ಸರ್‌ಗೆ ಬೇಗ ಗೊತ್ತಾಗುತ್ತದೆ. ಎತ್ತರ ಮೊಣಕಾಲಿನ ಮಟ್ಟ ಸಾಕು. ಪೂರ್ವ, ಪಶ್ಚಿಮಕ್ಕೆ ಮುಖ ಬೇಡ, ಬೆಳಗ್ಗೆ ಸಂಜೆ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ.

ರಾತ್ರಿಯ ಬೆಳಕು

ಇದರಲ್ಲಿ ಮೂರು ಬಗೆ (ಇನ್‌ಫ್ರಾರೆಡ್ ಅಂದರೆ ಕೆಂಪಿನಾಚೆಯ, ಕಣ್ಣಿಗೆ ಬಹುಪಾಲು ಕಾಣದ ಬೆಳಕು; ನ್ಯಾನೋಮೀಟರ್ ಅದರ ಅಲೆಯ ಅಳತೆ). 850 ನ್ಯಾನೋಮೀಟರ್ ಇನ್‌ಫ್ರಾರೆಡ್, 940 ನ್ಯಾನೋಮೀಟರ್ ಇನ್‌ಫ್ರಾರೆಡ್, ಬಿಳಿ ಫ್ಲ್ಯಾಶ್.

850ರಲ್ಲಿ ಬೆಳಕು ದೂರ ಹೋಗುತ್ತದೆ, ಫೋಟೋ ಸ್ಪಷ್ಟ. ಆದರೆ ಕ್ಲಿಕ್ ಆಗುವಾಗ ಮಂದವಾಗಿ ಕೆಂಪು ಕಾಣುತ್ತದೆ. ಬೀಡಿ ಹೊತ್ತಿಸಿದ ಹಾಗೆ. ಕತ್ತಲಲ್ಲಿ ಮನುಷ್ಯನಿಗೂ ಅದು ಗೊತ್ತಾಗುತ್ತದೆ, ಪ್ರಾಣಿಯೂ ತಲೆಯೆತ್ತಿ ನೋಡಬಹುದು. 940ರಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಬದಲಿಗೆ ಬೆಳಕು ಅಷ್ಟು ದೂರ ಹೋಗುವುದಿಲ್ಲ, ಫೋಟೋ ಸ್ವಲ್ಪ ಕಪ್ಪು, ಓಡುವ ಪ್ರಾಣಿ ಕಲೆಸಿದಂತೆ ಬರುತ್ತದೆ.

ನಮ್ಮ ಕಡೆ ನಾನು 940 ಅನ್ನುತ್ತೇನೆ. ಕಾರಣ ಪ್ರಾಣಿಗಿಂತ ಮನುಷ್ಯ. ರಾತ್ರಿ ನೀರು ಬಿಡೋಕೆ ಬರುವವರು, ಮೀನು ಹಿಡಿಯೋಕೆ ನಾಲೆ ಕಡೆ ಹೋಗುವವರು, ಮೋಟಾರ್ ವೈರ್ ಕದಿಯುವವರು, ಎಲ್ಲರೂ ಓಡಾಡುವ ಜಾಗ ಇದು. ಕೆಂಪು ಕಂಡರೆ ಬೆಳಗ್ಗೆ ಕ್ಯಾಮೆರಾ ಇರುವುದಿಲ್ಲ. ಗದ್ದೆ ಬದು ಕಿರಿದು, ಬೆಳಕು ಇಪ್ಪತ್ತೈದು ಮೀಟರ್ ಹೋಗುವ ಅಗತ್ಯವೂ ಇಲ್ಲ. ತೆಂಗಿನ ತೋಟದಂಥ ತೆರೆದ ಜಾಗ, ಸುತ್ತ ಭದ್ರವಾದ ಬೇಲಿ ಇದ್ದರೆ 850 ತಗೊಳ್ಳಿ.

ಎರಡರಲ್ಲೂ ತೀರಾ ಹತ್ತಿರದ ಗುರಿ ಬೇಡ. ತೆಂಗಿನ ಸಸಿಯ ಬುಡ ಕೆದಕಲು ಬರುವ ಮುಳ್ಳುಹಂದಿಗೆ ಅಂತ ಒಂದೂವರೆ ಮೀಟರ್‌ನಲ್ಲಿ ಕಟ್ಟಿದರೆ ಮುಳ್ಳೆಲ್ಲ ಬೆಳ್ಳಗೆ ಸುಟ್ಟುಹೋಗಿ, ಮಧ್ಯೆ ಎರಡು ಕಣ್ಣು ಮಾತ್ರ ಕಾಣುತ್ತದೆ. ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿದರೂ ಹೀಗೇ, ರಾತ್ರಿಯ ಫೋಟೋ ಪೂರ್ತಿ ಬಿಳಿ.

ಬಿಳಿ ಫ್ಲ್ಯಾಶ್ ಯಾರಿಗೆ? ಪ್ರಾಣಿಯನ್ನು ಒಂದೊಂದಾಗಿ ಗುರುತಿಸಬೇಕಾದವರಿಗೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಮ್ಮ ನಾಗರಹೊಳೆಯಲ್ಲೇ ಹುಲಿಗಳನ್ನು ಪಟ್ಟೆಯಿಂದ ಗುರುತಿಸಿ ಲೆಕ್ಕ ಹಾಕುವ ಕೆಲಸ ಶುರುಮಾಡಿದರು. ಪ್ರತಿ ಹುಲಿಯ ಪಟ್ಟೆ, ಪ್ರತಿ ಚಿರತೆಯ ಚುಕ್ಕೆ ಬೇರೆ ಬೇರೆ. ಎಡಗಡೆಯದು ಬೇರೆ, ಬಲಗಡೆಯದು ಬೇರೆ. ಅದಕ್ಕೇ ದಾರಿಯ ಎರಡೂ ಬದಿಗೆ ಎದುರುಬದುರು ಎರಡು ಕ್ಯಾಮೆರಾ. ಇನ್‌ಫ್ರಾರೆಡ್‌ನಲ್ಲಿ ಚುಕ್ಕೆ ಮಸುಕಾಗುವುದರಿಂದ ಬಿಳಿ ಬೆಳಕು. ಕಡ್ಡಿಬ್ಯಾಕ್ ಕಂಪನಿಯ ಕ್ಯಾಮೆರಾಗಳು ಗಣತಿ ಕೆಲಸದಲ್ಲಿ ಬಳಕೆಗೆ ಬಂದದ್ದು ಹೀಗೆ. ತೋಟಕ್ಕೆ ಬಂದದ್ದು ಚಿರತೆಯಾ ಕಾಡುಬೆಕ್ಕಾ ಅಂತ ತಿಳಿದುಕೊಳ್ಳಬೇಕಾದ ನಮಗೆ ಇದು ಬೇಡ.

ಮೆಗಾಪಿಕ್ಸೆಲ್ ಆಸೆ ಬಿಡಿ

ಬಹುತೇಕ ಟ್ರೇಲ್ ಕ್ಯಾಮೆರಾಗಳ ಒಳಗಿನ ಚಿಪ್ ಕೆಲವೇ ಮೆಗಾಪಿಕ್ಸೆಲ್‌ನದು. ಉಳಿದದ್ದನ್ನು ಸಾಫ್ಟ್‌ವೇರ್ ಹಿಗ್ಗಿಸುತ್ತದೆ. ಫೈಲ್ ದೊಡ್ಡದಾಗುತ್ತದೆ, ಕಾರ್ಡ್ ಬೇಗ ತುಂಬುತ್ತದೆ, ವಿವರ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಸಂಶೋಧಕರು ಇಷ್ಟಪಡುವ ರಿಕಾನಿಕ್ಸ್ ಕಂಪನಿಯ ಹೈಪರ್‌ಫೈರ್ 2 ಕೊಡುವುದು 3 ಮೆಗಾಪಿಕ್ಸೆಲ್ ಫೋಟೋ, ಬೆಲೆ ಮಾತ್ರ ಬಹಳ ಜಾಸ್ತಿ! ನಿಮ್ಮ ಕ್ಯಾಮೆರಾ 48 ಅಂತ ಹೇಳಿಕೊಂಡರೂ ಸೆಟ್ಟಿಂಗ್‌ನಲ್ಲಿ ಇರುವುದರಲ್ಲೇ ಕಡಿಮೆಯದಕ್ಕೆ ಇಟ್ಟುಬಿಡಿ.

ಸೆಲ್ ಮತ್ತು ಕಾರ್ಡ್

ಅಂಗಡಿಯಲ್ಲಿ ಸಿಗುವ ಮಾಮೂಲಿ ಆಲ್ಕಲೈನ್ ಸೆಲ್ 1.5 ವೋಲ್ಟ್‌ನಿಂದ ಶುರುವಾಗಿ ಬಳಸುತ್ತಾ ಬಳಸುತ್ತಾ ಇಳಿಯುತ್ತದೆ. ಹಗಲು ಫೋಟೋ ಬರುತ್ತಲೇ ಇರುತ್ತದೆ, ರಾತ್ರಿಯ ಬೆಳಕು ಮಾತ್ರ ವಾರದಿಂದ ವಾರಕ್ಕೆ ಮಂಕಾಗುತ್ತದೆ. ಲಿಥಿಯಂ ಎಎ ಸೆಲ್ ಕೊನೆಯವರೆಗೂ ಒಂದೇ ಸಮ ಇರುತ್ತದೆ, ಆದರೆ ದುಬಾರಿ, ಒಮ್ಮೆ ಮುಗಿದರೆ ಮುಗಿಯಿತು. ಎನಿಲೂಪ್‌ನಂಥ ರೀಚಾರ್ಜ್ ಸೆಲ್ ನಮ್ಮಂಥವರಿಗೆ ಸರಿ. ಒಂದೇ ತೊಡಕು, ಅದು 1.2 ವೋಲ್ಟ್‌ನದು. ಎಂಟು ಸೆಲ್‌ಗೆ 12 ವೋಲ್ಟ್ ಬದಲು 9.6 ಬರುತ್ತದೆ. ಕೆಲವು ಕ್ಯಾಮೆರಾಗಳು ಹೊಸದಾಗಿ ಚಾರ್ಜ್ ಮಾಡಿದ ಸೆಲ್ ಹಾಕಿದರೂ "ಬ್ಯಾಟರಿ ಲೋ" ಅನ್ನುತ್ತವೆ. ರೀಚಾರ್ಜ್ ಸೆಲ್ ನಡೆಯುತ್ತದಾ ಅಂತ ಕೊಳ್ಳುವ ಮೊದಲೇ ಮ್ಯಾನ್ಯುಯಲ್‌ನಲ್ಲಿ ನೋಡಿ.

ರಾತ್ರಿಯ ವಿಡಿಯೋ ಸೆಲ್ ನುಂಗಿಬಿಡುತ್ತದೆ. ವಿಡಿಯೋ ನಡೆಯುವಷ್ಟು ಹೊತ್ತೂ ಬೆಳಕು ಉರಿಯಬೇಕಲ್ವಾ? ಏನು ಬಂತು ಅಂತ ತಿಳಿದರೆ ಸಾಕು ಅಂದರೆ ಒಂದು ಸಲಕ್ಕೆ ಮೂರು ಫೋಟೋ ಇಡಿ. ಏನು ಮಾಡಿತು ಅಂತಲೂ ಬೇಕಾದರೆ ಹತ್ತು ಸೆಕೆಂಡ್ ವಿಡಿಯೋ.

ಕಾರ್ಡ್ ಒಳ್ಳೆ ಕಂಪನಿಯ 32 ಜಿಬಿ, ಕ್ಲಾಸ್ 10. ಅದಕ್ಕಿಂತ ದೊಡ್ಡ ಕಾರ್ಡನ್ನು ಎಷ್ಟೋ ಕ್ಯಾಮೆರಾ ಓದುವುದಿಲ್ಲ.

ಯಾವ ಬಗೆ, ಯಾರಿಗೆ

ಐದರಿಂದ ಒಂಬತ್ತು ಸಾವಿರದ ಆನ್‌ಲೈನ್ ಕ್ಯಾಮೆರಾಗಳು. ಹೆಸರು ಬೇರೆ ಬೇರೆ, ಒಳಗೆ ಬಹುತೇಕ ಒಂದೇ ಸಾಮಾನು. ಹಗಲು ಫೋಟೋ ಚೆನ್ನಾಗಿಯೇ ಬರುತ್ತದೆ. ಪೆಟ್ಟು ಬೀಳುವುದು ಮಳೆಗಾಲದಲ್ಲಿ. ಬಾಗಿಲಿನ ರಬ್ಬರ್ ತೆಳು, ಚಿಲಕ ಪ್ಲಾಸ್ಟಿಕ್. ಒಳಗೆ ತೇವ ಸೇರಿ ಲೆನ್ಸ್ ಮಂಜಾಗುತ್ತದೆ. ಸಂದಿಯಿದ್ದರೆ ಇರುವೆ ಸಾಲುಸಾಲಾಗಿ ಒಳಗೆ ಹೋಗಿ ಸೆಲ್ ಜಾಗದಲ್ಲಿ ಬಿಳಿ ಮೊಟ್ಟೆ ಇಟ್ಟುಕೊಂಡು ಸಂಸಾರ ಹೂಡುತ್ತವೆ. ಮನೆ ಹಿತ್ತಲಿಗೆ, ಮಕ್ಕಳಿಗೆ ಮುಂಗುಸಿ, ಪುನುಗು ಬೆಕ್ಕು ತೋರಿಸಲಿಕ್ಕೆ ಇದು ಸಾಕು. ವಾರಕ್ಕೊಮ್ಮೆ ಹೋಗಿ ತೆಗೆದು ನೋಡಲು ಆಗದ ಜಾಗಕ್ಕೆ ಬೇಡ.

ಹದಿನೈದರಿಂದ ಇಪ್ಪತ್ತೈದು ಸಾವಿರದ ಸುಮಾರಿನಲ್ಲಿ ಬ್ರೌನಿಂಗ್, ಬುಶ್‌ನೆಲ್ ಕಂಪನಿಗಳವು ಸಿಗುತ್ತವೆ. ನನ್ನ ಓಟು ಇಲ್ಲಿಗೆ. ಬ್ರೌನಿಂಗ್‌ನಲ್ಲಿ ಡಾರ್ಕ್ ಆಪ್ಸ್ ಅಂತ ಇರುವುದು ಬೆಳಕು ಕಾಣದ ಬಗೆ, ಸ್ಟ್ರೈಕ್ ಫೋರ್ಸ್ ಕೆಂಪು ಕಾಣುವ ಬಗೆ. ಹೆಸರು ನೋಡಿಯೇ ತಗೊಳ್ಳಿ, ಹೊರಗಿಂದ ಎರಡೂ ಒಂದೇ ಥರ. ಬುಶ್‌ನೆಲ್ ಕೋರ್ ಡಿಎಸ್‌ನಲ್ಲಿ ಹಗಲಿಗೊಂದು, ರಾತ್ರಿಗೊಂದು ಬೇರೆ ಬೇರೆ ಚಿಪ್. ಕಾರ್ಡ್ ತೆಗೆಯಲು ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಹೋಗುವವರಿಗೆ ಈ ದರ್ಜೆ ಸರಿ.

ರಿಕಾನಿಕ್ಸ್ ಐವತ್ತು ಸಾವಿರ ದಾಟುತ್ತದೆ. 0.2 ಸೆಕೆಂಡ್ ಕ್ಲಿಕ್, ಹನ್ನೆರಡು ಸೆಲ್, ಐದು ವರ್ಷ ವಾರಂಟಿ. ಕೆಲಸದಲ್ಲಿ ಕೊರತೆ ಇಲ್ಲ. ಆದರೆ ವಾರಂಟಿಗೆ ಕಳಿಸಬೇಕಾದದ್ದು ಅಮೆರಿಕಕ್ಕೆ. ಮತ್ತೆ, ಕಳ್ಳನಿಗೆ ಕಂಪನಿಯ ಬೇಧಭಾವ ಇಲ್ಲ. ಆ ದುಡ್ಡಿಗೆ ಎರಡು ಬ್ರೌನಿಂಗ್ ತಗೊಂಡು ಎರಡು ಬದುವಿಗೆ ಕಟ್ಟುವುದೇ ಜಾಣತನ. ಉಳಿದದ್ದರಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿ. ಕೋತಿಗಳ ಕೈಯಿಂದಲೂ ಅದೇ ಕಾಪಾಡುವುದು. ಆನೆ ಬರುವ ಕಡೆ ಪೆಟ್ಟಿಗೆಯೂ ನಿಲ್ಲುವುದಿಲ್ಲ. ಅಲ್ಲಿಗೆ ಅಗ್ಗದ್ದೇ ಕಟ್ಟಿ.

ಸಿಮ್ ಕ್ಯಾಮೆರಾ, ಇಲ್ಲ ಸೋಲಾರ್ ಸಿಸಿ ಕ್ಯಾಮೆರಾ

ಫೋಟೋ ತಕ್ಷಣ ಮೊಬೈಲ್‌ಗೆ ಬರಬೇಕು ಅನ್ನುವವರು ಜಾಸ್ತಿ. ಸಿಮ್ ಇರುವ ಟ್ರೇಲ್ ಕ್ಯಾಮೆರಾ ಅದನ್ನು ಮಾಡುತ್ತದೆ. ಆದರೆ ಅಮೆರಿಕದಿಂದ ನೆಂಟರ ಕೈಲಿ ತರಿಸುವ ಮೊದಲು ಯೋಚಿಸಿ. ಅಲ್ಲಿ ಮಾರುವ ಎಷ್ಟೋ ಮಾಡೆಲ್‌ಗಳು ಅಲ್ಲಿನ ನೆಟ್‌ವರ್ಕ್‌ಗೇ ಕಟ್ಟುಬಿದ್ದಿರುತ್ತವೆ. ಜಿಯೋದ 4ಜಿ ಓಡುವುದು ಬ್ಯಾಂಡ್ 3, 5, 40ರಲ್ಲಿ. ಕ್ಯಾಮೆರಾದ ವಿವರದಲ್ಲಿ ಈ ಸಂಖ್ಯೆಗಳು ಇಲ್ಲದಿದ್ದರೆ ದುಡ್ಡು ನೀರಿಗೆ. ಬರೀ 2ಜಿ, 3ಜಿ ಇರುವ ಹಳೇ ಮಾಡೆಲ್‌ಗೆ ಜಿಯೋ ಸಿಮ್ ನಡೆಯುವುದೇ ಇಲ್ಲ. ಕಟ್ಟುವ ಜಾಗಕ್ಕೆ ನಿಮ್ಮ ಫೋನ್ ಹಿಡಿದು ಹೋಗಿ ಸಿಗ್ನಲ್ ನೋಡಿ. ಎಚ್.ಡಿ. ಕೋಟೆ, ಸರಗೂರಿನ ಕಾಡಂಚಿನಲ್ಲಿ ಫೋನೇ ಒದ್ದಾಡುವ ಕಡೆ ಕ್ಯಾಮೆರಾ ಫೋಟೋ ಕಳಿಸುತ್ತೇನೆ ಅಂತ ಒದ್ದಾಡಿ ಸೆಲ್ ಮುಗಿಸಿಕೊಳ್ಳುತ್ತದೆ.

ಕೊಟ್ಟಿಗೆ ಕಾಯುವುದೇ ಉದ್ದೇಶ ಅಂದರೆ ನಿಮಗೆ ಟ್ರೇಲ್ ಕ್ಯಾಮೆರಾ ಬೇಕಾಗಿಯೇ ಇಲ್ಲದಿರಬಹುದು. ಪಂಪ್‌ಸೆಟ್ ಮನೆ ಮೇಲೆ, ಕೋಳಿ ಫಾರಂ ಮುಂದೆ ಈಗ ಎಲ್ಲರೂ ಹಾಕಿಸುತ್ತಿರುವ ಸೋಲಾರ್ 4ಜಿ ಸಿಸಿ ಕ್ಯಾಮೆರಾ ಅಗ್ಗ, ಲೈವ್ ನೋಡಬಹುದು, ಕೆಲವುದರಲ್ಲಿ ಸೈರನ್ನೂ ಇದೆ. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೋಸಿಸ್ ಆವರಣಕ್ಕೆ ಚಿರತೆ ಬಂದದ್ದು ಗೊತ್ತಾದದ್ದು ಸಿಸಿ ಕ್ಯಾಮೆರಾದಿಂದಲೇ. ಆದರೆ ಇದರ ದೀಪ, ಸದ್ದು, ಎದ್ದು ಕಾಣುವ ಪ್ಯಾನೆಲ್‌ಗೆ ಕಾಡುಪ್ರಾಣಿ ಹತ್ತಿರ ಬರುವುದು ಅನುಮಾನ. ಪ್ರಾಣಿಯನ್ನು ಅದರ ಪಾಡಿಗೆ ಬಿಟ್ಟು ನೋಡುವ ಆಸೆ ಇದ್ದವರಿಗೆ ಇದು ಆಗುವುದಿಲ್ಲ.

ಚಿರತೆ ಕಂಡರೆ ಫೋಟೋವನ್ನು ಊರಿನ ವಾಟ್ಸಾಪ್ ಗ್ರೂಪ್‌ಗೆ ಹಾಕುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ದಿನಾಂಕ, ಹೊತ್ತು ಫೋಟೋ ಮೇಲೇ ಇರುತ್ತದೆ, ಅದಕ್ಕೇ ಗಡಿಯಾರ ಸರಿಯಾಗಿ ಇಟ್ಟಿರಬೇಕು. ಮೈಸೂರು ಜಿಲ್ಲೆಯಲ್ಲಿ 2023ರಿಂದ ಚಿರತೆಗೆ ಅಂತಲೇ ಕಾರ್ಯಪಡೆ ಇದೆ.

ವಾಪಸ್ ಕಳಿಸುವ ದಿನ ಮುಗಿಯುವ ಮೊದಲು

ಆನ್‌ಲೈನ್‌ನಲ್ಲಿ ತರಿಸಿದ್ದರೆ ಡಬ್ಬ ಒಡೆದ ದಿನವೇ ಮರಕ್ಕೆ ಕಟ್ಟಬೇಡಿ. ಅಂಗಳದಲ್ಲಿ ಮೊಣಕಾಲೆತ್ತರಕ್ಕೆ ಕಟ್ಟಿ, ಮೂರು ಮೀಟರ್ ದೂರದಲ್ಲಿ ಅಡ್ಡ ನಡೆಯಿರಿ. ಆಮೇಲೆ ಐದು ಮೀಟರ್, ಹತ್ತು ಮೀಟರ್. ಒಮ್ಮೆ ಓಡಿ. ಇದನ್ನು ಬೆಳಗಿನ ತಂಪಲ್ಲಿ ಒಂದು ಸಲ, ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ಒಂದು ಸಲ ಮಾಡಿ. ಬೆಳಗ್ಗೆ ಪಾಸಾಗಿ ಮಧ್ಯಾಹ್ನ ಫೇಲಾಗುವ ಕ್ಯಾಮೆರಾಗಳು ಬೇಕಾದಷ್ಟಿವೆ. ರಾತ್ರಿ ದೀಪ ಆರಿಸಿ, ಹತ್ತು ಮೀಟರ್‌ನಲ್ಲಿ ಬಿಳಿ ಅಂಗಿ ಹಾಕಿದವರೊಬ್ಬರನ್ನು, ಕಪ್ಪು ಅಂಗಿಯವರೊಬ್ಬರನ್ನು ನಡೆಸಿ. ಕಪ್ಪು ಅಂಗಿಯವರು ಕಾಣದಿದ್ದರೆ ಕಾಡುಹಂದಿಯೂ ಕಾಣುವುದಿಲ್ಲ. ಕೊನೆಗೆ ಸೆಲ್ ತೆಗೆದು, ಒಳಗೆ ಒಂದು ಹಾಳೆ ಮಡಚಿಟ್ಟು, ಬಾಗಿಲು ಮುಚ್ಚಿ ನಲ್ಲಿ ಕೆಳಗೆ ಐದು ನಿಮಿಷ ಹಿಡಿಯಿರಿ. ಒರೆಸಿ ತೆಗೆದಾಗ ಹಾಳೆ ಒದ್ದೆಯಾಗಿದ್ದರೆ ವಾಪಸ್ ಕಳಿಸಿ. ಅಲ್ಲಿಯವರೆಗೆ ಬಿಲ್ಲನ್ನೂ ಡಬ್ಬವನ್ನೂ ಎಸೆಯಬೇಡಿ.